ವಿಭಾಗದ ಬಾಗಿಲಲ್ಲಿ ವಿದ್ಯಾರ್ಥಿ

ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಗಳ ತರುಣರಿಗೆ ಬಹುಕಾಲ ಉಚ್ಚ ವ್ಯಾಸಂಗವೆಂದರೆ ಧಾರವಾಡವೇ ಆಗಿತ್ತು. 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯವು ಮರುವರ್ಷ ಮುಂಬಯಿಯಿಂದ ಅಲ್ಲಿಗೆ ಬಂದಿತು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವು ಉದಯಿಸಿದ ಮೇಲೆ ದಾರಿ ಮತ್ತಷ್ಟು ಕಿರಿದಾಯಿತು. ವಿಶ್ವವಿದ್ಯಾಲಯವೇನೋ ಸಮೀಪಿಸಿತು, ಅದರ ವಿಭಾಗಗಳೂ ವಿದ್ಯಾರ್ಥಿಗೆ ಅಷ್ಟೇ ಸಮೀಪಿಸಿವೆಯೇ? ಇದು ಒಂದು ಸಂಸ್ಥೆಯನ್ನು ಕುರಿತ ಪ್ರಶ್ನೆಯಲ್ಲ; ನಾಡಿನ ಎಲ್ಲ ವಿಶ್ವವಿದ್ಯಾಲಯಗಳಿಗೂ ಸಲ್ಲುವ ಪ್ರಶ್ನೆ.

ಅಥಣಿಯಿಂದ ಬೆಳಗಾವಿ ಇಂದಿಗೂ ನೂರು ಕಿಲೋಮೀಟರಿಗೆ ಮಿಗಿಲು. ಒಂದು ಸಹಿಗಾಗಿ ನಸುಕಿನ ಬಸ್ಸು ಹಿಡಿದು ಬಂದ ಸಂಶೋಧಕಿಗೆ, "ಸಾಹೇಬ್ರು ಮೀಟಿಂಗಿನ್ಯಾಗ ಅದಾರ, ನಾಳಿಗಿ ಬರ್ರಿ" ಎಂಬ ಉತ್ತರ ದೊರೆತರೆ ಆಕೆಯ ಒಂದು ದಿನವೇ ಮುಳುಗಿತು. ಇಂಥ ನಾಲ್ಕಾರು ದಿನಗಳು ಕೂಡಿದರೆ ಮನೆಯವರು "ಸಾಕು, ಬಿಟ್ಟುಬಿಡು" ಎನ್ನುತ್ತಾರೆ.

ನಿಯಮಗಳಿಗೆ ಕೊರತೆಯಿಲ್ಲ. ಸಂಶೋಧಕನು ಪ್ರತಿ ಸೆಮಿಸ್ಟರಿನಲ್ಲಿಯೂ ಸಲಹಾ ಸಮಿತಿಯ ಮುಂದೆ ತನ್ನ ಪ್ರಗತಿಯನ್ನು ನಿವೇದಿಸಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮ ಹೇಳುತ್ತದೆ. 2023ರ ನಿಯಮವು ವಿದ್ಯಾರ್ಥಿಗಳ ಕುಂದುಕೊರತೆಗಳಿಗಾಗಿ ಸಮಿತಿಯನ್ನು ವಿಧಿಸಿ, ಅದರ ವರದಿಗೆ 15 ಕೆಲಸದ ದಿನಗಳ ಗಡುವನ್ನಿತ್ತಿದೆ. ಆದರೆ ದೂರು ಎಂಬುದು ಮನಸ್ಸು ಮುರಿದ ಮೇಲಿನ ಮಾತು. ವಿದ್ಯಾರ್ಥಿವೇತನದ ಕಾಗದ ಎಲ್ಲಿ ನಿಂತಿದೆ? ಮಾರ್ಗದರ್ಶಕರು ನಿವೃತ್ತರಾದರೆ ಮುಂದೇನು? ಇವು ದೂರುಗಳಲ್ಲ, ಪ್ರಶ್ನೆಗಳು. ಅಂಕ, ಸಹಿ, ಶಿಫಾರಸುಗಳು ಯಾರ ಕೈಯಲ್ಲಿವೆಯೋ ಅವರ ಮುಂದೆ ಒಬ್ಬಂಟಿಯಾಗಿ ನಿಂತು ಇವನ್ನು ಕೇಳಲು ವಿದ್ಯಾರ್ಥಿ ಅಳುಕಿದರೆ ಆಶ್ಚರ್ಯವೇನು?

ಪರಿಹಾರ ದುಬಾರಿಯದಲ್ಲ. ತಿಂಗಳಿಗೊಮ್ಮೆ, ಮೊದಲೇ ಸಾರಿದ ದಿನದಂದು, ವಿಭಾಗ ಮುಖ್ಯಸ್ಥರು ವಿದ್ಯಾರ್ಥಿಗಳೊಡನೆ ಒಂದು ಗಂಟೆ ಕುಳಿತುಕೊಳ್ಳಲಿ. ಪ್ರಶ್ನೆಗಳು ಪ್ರತಿನಿಧಿಗಳ ಮೂಲಕ, ಕೇಳಿದವರ ಹೆಸರಿಲ್ಲದೆ ಬರಲಿ. ಉತ್ತರವು ತಾರೀಖಿನೊಡನೆ ಒಂದು ದಪ್ತರದಲ್ಲಿ ದಾಖಲಾಗಿ, ಊರಲ್ಲಿರುವವರ ಫೋನಿಗೂ ತಲುಪಲಿ. ಅದು ನಿಪ್ಪಾಣಿಯ ಮರಾಠಿ ಮಾತೃಭಾಷೆಯ ವಿದ್ಯಾರ್ಥಿಗೂ ತಿಳಿಯುವ ಸರಳ ಕನ್ನಡದಲ್ಲಿರಲಿ. "ಸಾಧ್ಯವಿಲ್ಲ" ಎಂಬುದೂ ಒಂದು ಉತ್ತರವೇ. ಮೌನ ಮಾತ್ರ ಉತ್ತರವಲ್ಲ. ಮುಖ್ಯಸ್ಥರು ಸರದಿಯಂತೆ ಬದಲಾಗುತ್ತಾರೆ. ಬರೆದಿಟ್ಟ ಮಾತು ಉಳಿಯುತ್ತದೆ.

ವಿದ್ಯಾರ್ಥಿಗಳ ಹೊಣೆಯೂ ಕಡಮೆಯದಲ್ಲ. ಕ್ಯಾಂಟೀನಿನಲ್ಲಿ ಗೊಣಗುವುದು ಸುಲಭ. ಗಡುವಿಗೆ ಮುನ್ನ ಸ್ಪಷ್ಟವಾದ ಪ್ರಶ್ನೆಯನ್ನು ಬರೆದು ಕೊಡುವುದು ಶಿಸ್ತು. ಮುಖ್ಯಸ್ಥರೂ ಪಾಠ, ಪರೀಕ್ಷೆ, ಕಡತಗಳ ನಡುವೆ ಸಿಕ್ಕಿದ ಅಧ್ಯಾಪಕರೇ ಎಂಬುದನ್ನು ಅವರು ಮರೆಯಬಾರದು.

ಗುರುವನ್ನು ಪ್ರಶ್ನಿಸುವುದು ಅವಿನಯವೆಂದು ಬಗೆಯುವವರು ಶೂನ್ಯ ಸಂಪಾದನೆಯನ್ನು ನೆನೆಯಬೇಕು. ಅಲ್ಲಿ ಅಲ್ಲಮನ ಎದುರು ನಿಂತು ಅಕ್ಕಮಹಾದೇವಿ ಅಂಜದೆ ಮಾತನಾಡುತ್ತಾಳೆ; ಅದರಿಂದ ಪೀಠದ ಘನತೆ ಹೆಚ್ಚಿತೇ ಹೊರತು ಕುಗ್ಗಲಿಲ್ಲ. ಆ ಪರಂಪರೆಯನ್ನು ತರಗತಿಯಲ್ಲಿ ಬೋಧಿಸುವ ನಾವು ಅದನ್ನು ವಿಭಾಗದ ಬಾಗಿಲಲ್ಲಿಯೂ ನಡೆಸಿ ತೋರಿಸಬೇಕು.