ಬಡ್ಡಿಯ ಬಾಗಿಲಲ್ಲಿ ನಿಂತ ಪ್ರತಿಭೆ

ಸೇಡಂ, ಶಹಾಬಾದ್‌ನ ಕಲ್ಲುಗಣಿ ಕಾರ್ಮಿಕನ ಮಗಳಿಗೆ ವಿದೇಶಿ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪ್ರವೇಶ ದೊರೆತರೂ ಆಕೆಯನ್ನು ತಡೆದು ನಿಲ್ಲಿಸುವುದು ಬ್ಯಾಂಕಿನ ಬಡ್ಡಿ. ಕಡಿಮೆ ಆದಾಯದ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಪರವಾಗಿ ವ್ಯಾಸಂಗದ ಅವಧಿಯ ಬಡ್ಡಿಯನ್ನು ಭರಿಸುತ್ತಿದ್ದ ‘ಪಢೋ ಪರದೇಶ್’ ಯೋಜನೆಯನ್ನು ಕೇಂದ್ರ ಸರಕಾರ 2022-23ರಿಂದ ನಿಲ್ಲಿಸಿಬಿಟ್ಟಿತು. ಎಲ್ಲರ ವಿಕಾಸವೆಂದರೆ ಇದೆಯೇ?

ಸರಕಾರವನ್ನು ಪ್ರಶ್ನಿಸುವುದು ನಮ್ಮ ಹಕ್ಕು. ಆದರೆ ನಮ್ಮನ್ನು ನಾವು ಪ್ರಶ್ನಿಸಿಕೊಳ್ಳುವುದು ಯಾವಾಗ? ಒಂದು ದಿನದ ಮದುವೆಯ ಆಡಂಬರಕ್ಕೆ ಲಕ್ಷಗಟ್ಟಲೆ ಸುರಿಯುವ ನಾವು, ಇಂಗ್ಲಿಷ್ ಪರೀಕ್ಷೆ, ಅರ್ಜಿ ಹಾಗೂ ವೀಸಾದ ಶುಲ್ಕಕ್ಕಾಗಿ ಮೊಹಲ್ಲಾಕ್ಕೊಂದು ಬಡ್ಡಿರಹಿತ ಶಿಕ್ಷಣ ನಿಧಿಯನ್ನು ಕಟ್ಟಲಾರೆವೇ? ಯೋಜನೆಯ ಮರುಸ್ಥಾಪನೆಗೆ ಧ್ವನಿ ಎತ್ತೋಣ. ಅಲ್ಲಿಯವರೆಗೆ ನಮ್ಮ ಮಕ್ಕಳ ಅರ್ಜಿ ಪೆಟ್ಟಿಗೆಯಲ್ಲೇ ಉಳಿದರೆ, ಆ ತಪ್ಪಿನಲ್ಲಿ ನಮಗೂ ಪಾಲಿದೆ.