ಕಲಿಯಲು ಬಂದವರನ್ನು ಮೊದಲು ಕೇಳೋಣ



ಹೊರಗಿನಿಂದ ಬಂದು ಇಲ್ಲಿ ನೆಲೆಸಿದವರಿಗೆ ಕನ್ನಡ ಕಲಿಸುವ ಕೆಲಸ ಇಂದು ಅಪಾರ್ಟ್‌ಮೆಂಟಿನ ಸಭಾಂಗಣಗಳಲ್ಲಿ, ಕಚೇರಿಗಳಲ್ಲಿ, ಆಸ್ಪತ್ರೆಗಳಲ್ಲಿ ನಡೆದಿದೆ. ಕನ್ನಡ ಅಭಿವೃದ್ಧಿ ಪ್ರಾಧಿಕಾರವೂ ಬಿಡುವಿನಲ್ಲಿ ಪಾಠ ಹೇಳುವ ಅನೇಕರೂ ಇದಕ್ಕೆ ಕೈಜೋಡಿಸಿದ್ದಾರೆ. ಆದರೆ ಮೊದಲ ದಿನ ತುಂಬಿದ ಕೊಠಡಿ ನಾಲ್ಕಾರು ವಾರಗಳಲ್ಲಿ ಬರಿದಾಗುವುದು ಕಲಿಸುವವರಿಗೆ ಹೊಸ ಸುದ್ದಿಯೇನಲ್ಲ. ಬಿಟ್ಟುಹೋದವರಿಗೆ ‘ಆಸಕ್ತಿ ಇಲ್ಲ’ ಎಂಬ ಹಣೆಪಟ್ಟಿ ಹಚ್ಚಿ ಸುಮ್ಮನಾಗುತ್ತೇವೆ. ಅವರಿಗೆ ಯಾವ ಕನ್ನಡ ಬೇಕಿತ್ತು, ಎಲ್ಲಿ ಕಷ್ಟವಾಯಿತು ಎಂದು ನಾವು ಕೇಳಿದ್ದೆವೇ? ಪಾಠ ಶುರುವಾಗುವ ಮುನ್ನ ಆ ಪ್ರಶ್ನೆ ಕೇಳೋಣ ಎಂಬುದಷ್ಟೇ ಈ ಮನವಿ.

‘ಕನ್ನಡ ಬಾರದವರು’ ಎಂದು ನಾವು ಒಂದೇ ಮಾತಿನಲ್ಲಿ ಹೇಳುವ ಗುಂಪು ನಿಜಕ್ಕೂ ಒಂದೇ ಗುಂಪಲ್ಲ. ‘ಬೇಳೆ ಬೆಲೆ ಎಷ್ಟು?’ ಎಂಬ ಅಂಗಡಿಯ ಪ್ರಶ್ನೆಯನ್ನೇ ನೋಡಿ. ಹಿಂದಿಯವರಿಗೆ ಇಲ್ಲಿ ಎರಡು ತೊಡಕು: ಎ-ಏ ಭೇದ ಅವರ ಭಾಷೆಯಲ್ಲಿಲ್ಲ, ‘ಳ’ ಅವರ ನಾಲಗೆಗೆ ಹೊಸತು. ಮರಾಠಿಯವರಿಗೆ ‘ಳ’ ಸಲೀಸು, ತೊಡಕು ಒಂದೇ. ತಮಿಳರಿಗೆ, ತೆಲುಗರಿಗೆ, ಮಲಯಾಳಿಗಳಿಗೆ ಎರಡೂ ತೊಡಕಲ್ಲ. ಇನ್ನು ‘ಇಲ್ಲ’, ‘ಅಲ್ಲ’, ‘ಬೇಡ’ ಎಂಬ ಮೂರು ಬಗೆಯ ನಿರಾಕರಣೆ. ತೆಲುಗಿನ ‘ಲೇದು, ಕಾದು, ವದ್ದು’ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಚ್ಚು ಕಡಿಮೆ ಎಲ್ಲಕ್ಕೂ ‘ನಹೀಂ’ ಎನ್ನುವವರಿಗೆ ಇದೇ ಒಂದು ವಾರದ ಪಾಠ. ಬರವಣಿಗೆಗೆ ಬಂದರೆ ಲೆಕ್ಕ ಮತ್ತೆ ಬದಲಾಗುತ್ತದೆ. ತೆಲುಗು ಓದಬಲ್ಲವರಿಗೆ ನಮ್ಮ ಅಕ್ಷರ ಅರ್ಧ ಪರಿಚಿತ. ತಮಿಳು ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಅದನ್ನಷ್ಟೇ ಬಲ್ಲವರಿಗೆ ನಮ್ಮ ವರ್ಗಾಕ್ಷರಗಳನ್ನು ನಿಧಾನವಾಗಿ ಪರಿಚಯಿಸಬೇಕು. ಯಾವ ಲಿಪಿಯನ್ನೂ ಓದಲು ಅವಕಾಶ ಸಿಗದ ಕಟ್ಟಡ ಕಾರ್ಮಿಕರ ಕೈಗೆ ಪುಸ್ತಕ ಕೊಟ್ಟು ಮಾತು ಕಲಿಸಹೊರಟರೆ ಮೊದಲ ದಿನವೇ ಬಾಗಿಲು ಮುಚ್ಚಿದಂತೆ.

ಕಸುಬಿನ ಮಾತೂ ಹಾಗೆಯೇ. ಕೇರಳದಿಂದ ಬಂದ ನರ್ಸ್‌ಗೆ ‘ಇದು ನನ್ನ ಮನೆ, ಅದು ನಿಮ್ಮ ಪುಸ್ತಕ’ ಎಂಬ ಪಾಠಕ್ಕಿಂತ ಮೊದಲು ಬೇಕಾದದ್ದು ‘ಎಲ್ಲಿ ನೋಯ್ತಿದೆ? ಯಾವಾಗಿಂದ?’ ಎಂದು ಕೇಳುವುದು. ಉತ್ತರವಾಗಿ ಬರುವ ‘ಸಂಕಟ’, ‘ಸುಸ್ತು’, ‘ಹೊಟ್ಟೆ ತೊಳಸ್ತಿದೆ’ ಎಂಬ ಮಾತುಗಳು ಅರ್ಥವಾಗುವುದು ಅದಕ್ಕಿಂತಲೂ ಮುಖ್ಯ. ಅದೇ ನರ್ಸ್ ಕಲಬುರಗಿಯಲ್ಲಿದ್ದರೆ ಬೆಂಗಳೂರಿನ ಮಾತು ಕಲಿತೂ ರೋಗಿಯ ಮುಂದೆ ತಬ್ಬಿಬ್ಬಾಗಬಹುದು. ಬ್ಯಾಂಕಿನವರಿಗೆ ಸಾಲ, ಕಂತು, ಜಾಮೀನು ಮೊದಲ ಪಾಠ. ಡೆಲಿವರಿ ಹುಡುಗನಿಗೆ ಎಡ, ಬಲ, ‘ಎರಡನೇ ಅಡ್ಡರಸ್ತೆ’. ಬ್ರೆಜಿಲ್‌ನ ಶಿಕ್ಷಣತಜ್ಞ ಪಾಲೊ ಫ್ರೇರಿ 1963ರಲ್ಲಿ ಆಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ದುಡಿಯುವ ಜನರಿಗೆ ಅಕ್ಷರ ಕಲಿಸಹೊರಟಾಗ ಮಕ್ಕಳ ಪಠ್ಯವನ್ನು ಹಿಡಿಯಲಿಲ್ಲ; ಅವರ ದಿನದ ಬದುಕಿನ ಮಾತುಗಳನ್ನು ಕಲೆಹಾಕಿ ಅವುಗಳಿಂದಲೇ ಪಾಠ ಕಟ್ಟಿದರು. ವಯಸ್ಕರು ಖಾಲಿ ಹಲಗೆಯಲ್ಲ. ಬೆಳಗ್ಗೆ ಕಲಿತದ್ದು ಸಂಜೆ ಉಪಯೋಗಕ್ಕೆ ಬಂದರೆ ನಾಳೆಯೂ ಬರುತ್ತಾರೆ.

‘ನಮ್ಮ ನೆಲಕ್ಕೆ ಬಂದವರು ಕಲಿಯಬೇಕಾದದ್ದು ಅವರ ಕರ್ತವ್ಯ, ನಾವೇಕೆ ಅವರ ಅನುಕೂಲ ವಿಚಾರಿಸಬೇಕು?’ ಎನ್ನುವವರಿದ್ದಾರೆ. ಕರ್ತವ್ಯವೇ, ಒಪ್ಪೋಣ. ಆದರೆ ಅವರು ಕಲಿಯದೆ ಹೋದರೆ ನಷ್ಟ ಯಾರಿಗೆ? ಹಳ್ಳಿಯಿಂದ ಬಂದು ನೋವನ್ನು ಹೇಳಿಕೊಳ್ಳಲಾಗದೆ ಒದ್ದಾಡುವ ರೋಗಿಗೆ, ಬ್ಯಾಂಕಿನ ಕೌಂಟರಿನಲ್ಲಿ ಕೈಚೆಲ್ಲಿ ನಿಲ್ಲುವ ಅಜ್ಜಿಗೆ. ಕಲಿಯಲು ಬಂದವರ ಅಗತ್ಯ ವಿಚಾರಿಸುವುದರಲ್ಲಿ ನಮ್ಮ ಹಿತವೇ ಇದೆ. ಕಸುಬಿನ ಮಾತು ಕಲಿಸಿದರೆ ಕನ್ನಡ ಸಂತೆಯ ಭಾಷೆಯಾಗಿ ಸೊರಗುತ್ತದೆ ಎಂಬ ಆತಂಕವೂ ಇದೆ. ಆದರೆ ‘ಬರಲ್ಲ’ ಎನ್ನಲು ಬಂದವರೇ ಮುಂದೆ ‘ಬರುವುದಿಲ್ಲ’ ಎಂದು ಓದಿಯಾರು. ಸಂತೆಯನ್ನು ದಾಟದೆ ಸಾಹಿತ್ಯಕ್ಕೆ ಹೋದವರು ವಿರಳ. ‘ಮೂವತ್ತು ಜನರಿಗೆ ಮೂವತ್ತು ಪಾಠ ಮಾಡಲಾದೀತೇ?’ ಎಂಬ ಪ್ರಶ್ನೆಯೇ ಗಟ್ಟಿಯಾದದ್ದು. ಮೈಸೂರಿನಲ್ಲಿ 1969ರಿಂದ ಇರುವ ಭಾರತೀಯ ಭಾಷಾ ಸಂಸ್ಥಾನದ ಪ್ರಾದೇಶಿಕ ಕೇಂದ್ರದಲ್ಲಿ ಶಿಕ್ಷಕರು ಹತ್ತು ತಿಂಗಳು ಕೂತು ಹೊಸ ಭಾಷೆ ಕಲಿಯುತ್ತಾರೆ. ರಾತ್ರಿ ಪಾಳಿ ಮುಗಿಸಿ ಬರುವವರಿಗೆ ಆ ಭಾಗ್ಯವಿಲ್ಲ, ಬಿಡುವಿನಲ್ಲಿ ಕಲಿಸುವವರಿಗೂ ಇಲ್ಲ. ಆದರೆ ಮೂವತ್ತು ಪಾಠ ಬೇಕಾಗಿಯೂ ಇಲ್ಲ. ಮನೆಮಾತು ಯಾವುದು, ಯಾವ ಲಿಪಿ ಬರುತ್ತದೆ, ದಿನವಿಡೀ ಯಾರೊಡನೆ ಮಾತು, ಯಾವ ಹೊತ್ತು ಬಿಡುವು, ಯಾವುದಕ್ಕೆ ಸಂಕೋಚ: ಈ ಐದು ಪ್ರಶ್ನೆಗಳನ್ನು ಮೊದಲ ದಿನ ಕೇಳಿದರೆ ಮೂವತ್ತು ಜನ ತಾವಾಗಿಯೇ ಮೂರು ನಾಲ್ಕು ಗುಂಪುಗಳಾಗುತ್ತಾರೆ. ತಿಂಗಳ ಕೊನೆಗೆ ಮತ್ತೊಮ್ಮೆ ಕೇಳಿದರೆ ಪಾಠ ದಾರಿ ತಪ್ಪುವುದಿಲ್ಲ.

ಕಲಿಸುವವರು ಈ ಐದು ಪ್ರಶ್ನೆಗಳಿಂದ ಶುರುಮಾಡಲಿ. ಆಸ್ಪತ್ರೆ, ಬ್ಯಾಂಕು, ಕಂಪನಿಗಳ ಆಡಳಿತದವರು ಕಲಿಕೆಯ ಹೊತ್ತನ್ನು ಕೆಲಸದ ಹೊತ್ತಿನೊಳಗೇ ಸೇರಿಸಿಕೊಡಲಿ. ಪಾಠ ಹೇಳದ ನಮ್ಮ ನಿಮ್ಮಂಥವರ ಪಾಲಿಗೂ ಒಂದು ಕೆಲಸ ಉಳಿದಿದೆ. ಯಾರಾದರೂ ‘ಬೆಲೆ ಬೆಲೆ ಎಷ್ಟು?’ ಎಂದು ತಡವರಿಸಿದಾಗ ನಗದೆ, ಥಟ್ಟನೆ ಹಿಂದಿಗೋ ಇಂಗ್ಲಿಷಿಗೋ ಜಾರದೆ, ‘ಬೇಳೆನಾ? ಕೇಜಿಗೆ ಇಷ್ಟು’ ಎಂದು ಕನ್ನಡದಲ್ಲೇ ಉತ್ತರ ಕೊಡೋಣ. ಅವರ ಆ ದಿನದ ಪಾಠ ಅಲ್ಲಿಗೆ ಮುಗಿಯಿತು.