ಮನೆ ಕಟ್ಟಿದರೆ ಊರಾಯಿತೇ?



1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಮತ್ತು ಅಂದಿನ ಉಸ್ಮಾನಾಬಾದ್ ಜಿಲ್ಲೆಗಳ ನೆಲ ನಡುಗಿತು. ಕಿಲ್ಲಾರಿಯ ಸುತ್ತಣ ಹಳ್ಳಿಗಳಲ್ಲಿ ಕಲ್ಲುಮಣ್ಣಿನ ದಪ್ಪ ಗೋಡೆಗಳೂ ಮಣ್ಣು ಹೇರಿದ ಮಾಳಿಗೆಗಳೂ ಮಲಗಿದ್ದವರ ಮೇಲೆ ಕುಸಿದು ಸಾವಿರಾರು ಜನ ಅಸುನೀಗಿದರು. ನಮ್ಮ ಬೀದರ, ಕಲಬುರ್ಗಿಗಳ ಗಡಿಗೆ ತಾಗಿದ ನೆಲವದು. ಅಲ್ಲಿಯ ದುಃಖ ನಮಗೆ ಪರರದಲ್ಲ. ಆದರೆ ಇಂದು ನಾವು ಕೇಳಬೇಕಾದುದು ದುಃಖದ ಕಥೆಯನ್ನಲ್ಲ, ಅನಂತರದ ಕಥೆಯನ್ನು.

ತೀವ್ರ ಹಾನಿಗೊಳಗಾದ 52 ಗ್ರಾಮಗಳಿಗೆ ಹೊಸದಾಗಿ ಊರು ಕಟ್ಟಿಕೊಡಲಾಯಿತು. ಮನೆಯ ಅಳತೆ ನಿರ್ಧಾರವಾದುದು ಯಾವುದರ ಮೇಲೆ ಬಲ್ಲಿರಾ? ಹಿಡುವಳಿಯ ಮೇಲೆ! ಭೂಹೀನನಿಗೂ ಸಣ್ಣ ರೈತನಿಗೂ 250 ಚದರಡಿ, ಮಧ್ಯಮನಿಗೆ 400, ದೊಡ್ಡ ಜಮೀನುದಾರನಿಗೆ 750. ಭೂಕಂಪವು ಒಂದು ಗಳಿಗೆ ಅಳಿಸಿದ್ದ ಭೇದವನ್ನು ಸಿಮೆಂಟಿನಲ್ಲಿ ಎರಕ ಹೊಯ್ದು ಶಾಶ್ವತಗೊಳಿಸಿದಂತಾಯಿತು. ಓಣಿ, ಅಂಗಳ, ಕಟ್ಟೆಗಳಿದ್ದ ಊರಿನ ಬದಲು ಪಟ್ಟಣದ ಬಡಾವಣೆಯಂತೆ ಗೆರೆ ಎಳೆದ ಅಗಲ ರಸ್ತೆಗಳು ಬಂದವು. ಅದೇ ಯೋಜನೆಯಲ್ಲಿ, ಇದ್ದ ಜಾಗದಲ್ಲಿಯೇ ಸುಮಾರು ಎರಡು ಲಕ್ಷ ಮನೆಗಳನ್ನು ಮನೆಯವರೇ ಸರ್ಕಾರದ ನೆರವಿನಿಂದ ದುರಸ್ತಿ ಮಾಡಿಕೊಂಡರು. ಕಚೇರಿಗೂ ಹಳ್ಳಿಗೂ ನಡುವೆ ಹಳ್ಳಿಯ ಹೆಣ್ಣುಮಕ್ಕಳೇ ನಿಂತು ಸಂಪರ್ಕ ನಡೆಸಿದರು. ಈ ಎರಡನೆಯ ಪಾಠವನ್ನು ನಾವು ಕಲಿತೆವೇ?

ಕಲಿಯಲಿಲ್ಲ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕವು ನೆರೆಯಲ್ಲಿ ಮುಳುಗಿತು. ‘ಆಸರೆ’ಯ ಹೆಸರಿನಲ್ಲಿ ದಾನಿಗಳು ಬಂದರು, ಫಲಕಗಳು ಎದ್ದವು, ಬೀಗದ ಕೈಗಳ ಹಸ್ತಾಂತರವಾಯಿತು. ಆದರೂ ಅನೇಕ ಮನೆಗಳು ವರ್ಷಗಟ್ಟಲೆ ಪಾಳುಬಿದ್ದವು. 2019ರ ಆಗಸ್ಟಿನಲ್ಲಿ ಮಲಪ್ರಭೆ, ಘಟಪ್ರಭೆ, ಕೃಷ್ಣೆಯರು ಮತ್ತೆ ಉಕ್ಕಿದಾಗ ಹಳೆಯ ಊರುಗಳಲ್ಲಿಯೇ ಉಳಿದಿದ್ದವರು ಮತ್ತೊಮ್ಮೆ ನೀರುಪಾಲಾದರು. ಆಗ ಪ್ರಾಜ್ಞರು ಅಂದದ್ದೇನು? “ಜನರೇ ಹಟಮಾರಿಗಳು, ಕೊಟ್ಟರೂ ಹೋಗಲೊಲ್ಲರು.”

ಈ ಮಾತನ್ನು ನಾವು ಒಪ್ಪೆವು. ಆ ಮನೆಯಲ್ಲಿ ಎಮ್ಮೆಯನ್ನೆಲ್ಲಿ ಕಟ್ಟುವುದು? ಹಿತ್ತಲಿಲ್ಲದೆಡೆ ಮೇವಿನ ಬಣವೆ ಇಲ್ಲ, ಮೇವಿಲ್ಲದೆಡೆ ದನವಿಲ್ಲ, ದನ ಮಾರಿದರೆ ಹೊಲಕ್ಕೆ ಗೊಬ್ಬರವಿಲ್ಲ, ಮನೆಯ ಹೆಣ್ಣುಮಗಳ ಕೈಯಲ್ಲಿ ಹಾಲು ಮಾರಿದ ನಾಲ್ಕು ಕಾಸೂ ಇಲ್ಲ. ಅವಳು ಸಾಲಕ್ಕೆ ಕೈಚಾಚಬೇಕು. ಉದ್ರಿ ಕೊಡುತ್ತಿದ್ದ ಅಂಗಡಿಕಾರನೋ ಹಳೆಯ ಊರಿನಲ್ಲಿದ್ದಾನೆ! ಹೊಲ ದೂರವಾದರೆ ಮುಯ್ಯಾಳಿನ ಪದ್ಧತಿ ಮುರಿಯುತ್ತದೆ. ಶಾಲೆ ದೂರವಾದರೆ ಮೊದಲು ಬಿಡುವವಳು ಮಗಳು. ಒಂದೆಳೆ ಹರಿದರೆ ಸೀರೆಯೇ ಬಿಚ್ಚುವುದೆಂಬುದು ಇಳಕಲ್ಲಿನ ನೇಕಾರನಿಗೆ ಗೊತ್ತು, ಅಭಿಯಂತರನಿಗೆ ಗೊತ್ತಿಲ್ಲ.

ಆದ್ದರಿಂದ ಮನೆಯ ನಕ್ಷೆಗೆ ಮೊದಲು ಊರಿನ ಸಂಬಂಧಗಳ ನಕ್ಷೆಯಾಗಬೇಕೆಂಬುದು ನಮ್ಮ ವಾದ. ಯಾರ ಜೀವನ ಯಾರನ್ನು ನೆಚ್ಚಿದೆ, ಯಾವ ದಾರಿ ಯಾವ ಕಾಯಕಕ್ಕೆ ಸೇರುತ್ತದೆ, ನೀರು, ಸಾಲ, ಮೇವು, ಕೂಲಿ ಎಲ್ಲಿಂದ ಎಲ್ಲಿಗೆ ಹರಿಯುತ್ತವೆ ಎಂಬುದನ್ನು ಊರವರೇ ಬಿಡಿಸಬೇಕು. ಅದಕ್ಕೆ ಯಂತ್ರ ಬೇಡ. ನೆಲದ ಮೇಲೆ ರಂಗೋಲಿ ಪುಡಿ, ಜೋಳದ ಕಾಳು, ಹರಳು ಸಾಕು. ಆದರೆ ಚಾವಡಿಯಲ್ಲಿ ಗೌಡರ ಮುಂದೆ ಬಿಡಿಸಿದ ನಕ್ಷೆ ಗೌಡರ ನಕ್ಷೆಯಾದೀತು. ದಲಿತರ ಕೇರಿಯಲ್ಲಿ ಬೇರೆ, ಹೆಂಗಸರ ನಡುವೆ ಬೇರೆ ಕುಳಿತು ಬಿಡಿಸಿ, ಮೂರನ್ನೂ ಎದುರುಬದುರಿಟ್ಟು ನೋಡಬೇಕು. ಹಳೆಯ ಊರನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಬಾವಿಯಲ್ಲಿ ಕಡೆಗೆ ನೀರು ಸೇದುವವರಾರೆಂಬುದೂ ನಕ್ಷೆಯಲ್ಲಿ ಕಾಣಬೇಕು, ಹೊಸ ಊರಿನಲ್ಲಿ ಅದು ಮರುಕಳಿಸದಿರಲೆಂದು.

ಇದಕ್ಕೆಲ್ಲ ಕಾಲವೆಲ್ಲಿದೆ ಎಂದು ಕೇಳುವವರುಂಟು. ಪಾಳುಮನೆ ಕಟ್ಟಲು ಕಾಲವಿತ್ತಲ್ಲ! ನಕ್ಷೆಯನ್ನು ಒಮ್ಮೆ ಬರೆದು ಕಡತದಲ್ಲಿ ಮಡಿಸಿಡುವುದೂ ಅಲ್ಲ. ಮೊದಲ ವರ್ಷ, ಮೂರನೆಯ ವರ್ಷ, ಹತ್ತನೆಯ ವರ್ಷ ಮತ್ತೆ ಬಿಡಿಸಿ, ಯಾವ ಎಳೆ ಕೂಡಿತು, ಯಾವುದು ಇನ್ನೂ ಜೋತಾಡುತ್ತಿದೆ ಎಂದು ನೋಡಬೇಕು. ದಾನ ನೀಡುವ ಮಠಮಾನ್ಯಗಳೂ ಈ ವಿಚಾರದಲ್ಲಿ ಹೊರತಲ್ಲ. ಇನ್ನು ಮುಂದೆ ಯಾವ ಊರನ್ನು ದತ್ತು ಪಡೆಯಲು ಹೊರಟರೂ ಶಂಕುಸ್ಥಾಪನೆಯ ದಿನ ಗೊತ್ತುಮಾಡುವ ಮೊದಲು ಆ ಊರಿನ ನಕ್ಷೆಯನ್ನು ಕೇಳಲಿ. ಹೊಳೆದಂಡೆಯ ಹಳ್ಳಿಗಳವರು ಮುಂದಿನ ಮಳೆಗಾಲದ ಮೊದಲೇ, ಮನೆಗಳಿನ್ನೂ ನಿಂತಿರುವಾಗಲೇ, ಅದನ್ನು ಬಿಡಿಸಿಟ್ಟುಕೊಳ್ಳಲಿ.